ಶೇಕ್ಸ್‌ಪಿಯರನ ಹೆಗಲಿಗೆ ನಮ್ಮ ಪಂಚಾಂಗದ ಗಂಟು

ಕಳೆದ ಶ್ರಾವಣದಲ್ಲಿ ಪ್ರವಚನ ಕೇಳಲೆಂದು ಕುಂಬಾರವಾಡದಿಂದ ನಾವು ಏಳೆಂಟು ಜನ ಹಳಿಯಾಳದ ಕಡೆಯ ಒಂದು ಮಠಕ್ಕೆ ಹೋಗಿದ್ದೆವು. ಅಂದಿನ ಅತಿಥಿಗಳು ಇಂಗ್ಲಿಷ್ ಸಾಹಿತ್ಯ ಓದಿಕೊಂಡವರು, ಮಾತಿನಲ್ಲಿ ಚತುರರು. ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಗ್ರಹಗತಿ, ಶಕುನ, ಹಣೆಬರಹ ಇವೆಲ್ಲ ಹಳ್ಳಿಗರ ಮೂಢನಂಬಿಕೆ ಎನ್ನುವ ಸುಧಾರಕರು ಒಮ್ಮೆ ಮ್ಯಾಕ್‌ಬೆತ್ ಓದಲಿ, ರೋಮಿಯೋ ಜೂಲಿಯೆಟ್ ಓದಲಿ; ಜಗತ್ತೇ ಕೊಂಡಾಡುವ ಶೇಕ್ಸ್‌ಪಿಯರನೂ ವಿಧಿಗೆ ತಲೆಬಾಗಿದ್ದಾನೆ; ಹಾಗಿದ್ದ ಮೇಲೆ ಜಾತಕ ನೋಡುವುದರಲ್ಲಿ ತಪ್ಪೇನು? ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದ ಹಿರಿಯರು ಮೊಣಕೈಯಿಂದ ತಿವಿದು, "ಕೇಳಿದ್ರಿಲ್ರೀ ಮಾಸ್ತರ? ನಿಮ್ಮ ಇಂಗ್ಲಿಷ್‌ನವರೂ ಒಪ್ಯಾರ" ಎಂದರು. ಚಪ್ಪಾಳೆ ತಟ್ಟಿದವರ ಕೊರಳಲ್ಲಿ ಇಷ್ಟಲಿಂಗವಿತ್ತು. ವೇದಿಕೆಯ ಹಿಂದೆ ಬಸವಣ್ಣನವರ ಭಾವಚಿತ್ರವಿತ್ತು.

ಮಠದಲ್ಲಿ ಅತಿಥಿಗಳ ಮಾತಿಗೆ ಎದ್ದು ನಿಂತು ಎದುರಾಡುವುದು ಸರಿಯಲ್ಲವೆಂದು ಅಂದು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪಾಯಿತೆಂದು ಈಗ ಅನಿಸುತ್ತಿದೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಆ ನಾಟಕಗಳನ್ನು ಮಕ್ಕಳ ಮುಂದೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಶೇಕ್ಸ್‌ಪಿಯರನ ಮೇಲೆ ಹೊರಿಸಿದ ಈ ಗಂಟನ್ನು ಇಳಿಸುವುದು ನನ್ನ ಕಾಯಕದ ಬಾಕಿಯೇ ಸರಿ.

ಮೊದಲು ಆತ ಕನ್ನಡಕ್ಕೆ ಹೇಗೆ ಬಂದ ಎಂಬುದನ್ನು ನೆನೆಯೋಣ. ಮುಂಬಯಿ ಪ್ರಾಂತದ ಈ ನಮ್ಮ ಭಾಗದಲ್ಲಿ ಶಾಲೆಗಳಲ್ಲೆಲ್ಲ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ಹೋರಾಡಿದ ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರನ್ನು ನಮ್ಮವರು ಮರೆತಿದ್ದಾರೆ. ಅವರೇ ೧೮೭೧ರಲ್ಲಿ ಶೇಕ್ಸ್‌ಪಿಯರನ 'ಕಾಮೆಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. ಮೂಲ ನಾಟಕದಲ್ಲಿ ಏನಿದೆ? ಹಡಗು ಒಡೆದು ಅಗಲಿಹೋದ ಅವಳಿ ಅಣ್ಣತಮ್ಮಂದಿರು ಒಂದೇ ಊರಿನಲ್ಲಿ ಓಡಾಡುತ್ತಾರೆ. ಒಬ್ಬನನ್ನು ಇನ್ನೊಬ್ಬನೆಂದು ತಿಳಿದ ಊರಿನವರಿಗೆ ತಲೆ ಕೆಡುತ್ತದೆ. ಹೆಂಡತಿಗೇ ಗಂಡನ ಮೇಲೆ ಅನುಮಾನ. ಇವನಿಗೆ ದೆವ್ವ ಹಿಡಿದಿದೆ ಎಂದು ಪಿಂಚ್ ಎಂಬ ಮಂತ್ರವಾದಿ ಮಾಸ್ತರನನ್ನು ಕರೆಸುತ್ತಾರೆ. ಆತ ನಾಡಿ ಹಿಡಿದು, ಮಂತ್ರ ಹೇಳಿ, ಬುದ್ಧಿ ನೆಟ್ಟಗಿರುವ ಮನುಷ್ಯನನ್ನು ಕಟ್ಟಿಸಿ ಕತ್ತಲೆಯ ಕೋಣೆಗೆ ಹಾಕಿಸುತ್ತಾನೆ. ಕೊನೆಗೆ ತಿಳಿಯುವುದೇನು? ದೆವ್ವವೂ ಇಲ್ಲ, ಮಾಟವೂ ಇಲ್ಲ. ಇಬ್ಬರು ಅಣ್ಣತಮ್ಮಂದಿರಿದ್ದರು, ಅದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದ್ದಕ್ಕೆಲ್ಲ ದೈವದ ಹೆಸರಿಡುವವರನ್ನು ಕಂಡು ನಗುವ ನಾಟಕವಿದು. ಶೇಕ್ಸ್‌ಪಿಯರ್ ನಮ್ಮ ಧಾರವಾಡದ ಬಾಗಿಲಿಗೆ ಮೊದಲು ಬಂದದ್ದು ಈ ನಗೆಯೊಂದಿಗೆ.

ಇನ್ನು ಮ್ಯಾಕ್‌ಬೆತ್. ಅತಿಥಿಗಳ ಬತ್ತಳಿಕೆಯ ದೊಡ್ಡ ಬಾಣ ಅದೇ. ಬಯಲಿನಲ್ಲಿ ಮೂವರು ಮಾಟಗಾತಿಯರು ಎದುರಾಗಿ, ನೀನು ದೊರೆಯಾಗುತ್ತೀ ಎನ್ನುತ್ತಾರೆ, ಆತ ದೊರೆಯಾಗುತ್ತಾನೆ, ಹಾಗಾದರೆ ಬರೆದದ್ದು ತಪ್ಪಲಿಲ್ಲವಲ್ಲ, ಎಂಬುದು ಅವರ ವಾದ. ಆದರೆ ಆ ಬಯಲಿನಲ್ಲಿ ಮ್ಯಾಕ್‌ಬೆತ್ ಒಬ್ಬನೇ ಇರಲಿಲ್ಲ. ಪಕ್ಕದಲ್ಲಿ ಬ್ಯಾಂಕೋ ಇದ್ದ. ಅವನಿಗೂ ಭವಿಷ್ಯ ಹೇಳಿದರು, ನಿನ್ನ ವಂಶದವರು ದೊರೆಗಳಾಗುತ್ತಾರೆ ಎಂದು. ಇಬ್ಬರ ಕಿವಿಗೂ ಬಿದ್ದದ್ದು ಅದೇ ಬಾಯಿಯ ಮಾತು, ಅದೇ ಗಳಿಗೆಯಲ್ಲಿ. ಒಬ್ಬ ಮನೆಗೆ ಹೋಗಿ, ಅತಿಥಿಯಾಗಿ ಬಂದ ಮುದಿ ದೊರೆಯನ್ನು ಮಲಗಿದಲ್ಲೇ ಇರಿದ. ಇನ್ನೊಬ್ಬ ಇರಿಯಲಿಲ್ಲ. ಇಂಥವರು ಸಣ್ಣ ಸಂಗತಿಗಳಲ್ಲಿ ನಿಜ ನುಡಿದು, ನಂಬಿಸಿ, ದೊಡ್ಡ ಸಂಗತಿಯಲ್ಲಿ ಮುಳುಗಿಸುತ್ತಾರೆ ಎಂದು ಎಚ್ಚರಿಸಿದವನೂ ಆ ಬ್ಯಾಂಕೋನೇ. ಕೊಲ್ಲು ಎಂದು ಮಾಟಗಾತಿಯರು ಎಲ್ಲಿಯೂ ಹೇಳಿಲ್ಲ. ಕಠಾರಿ ಹಿಡಿದದ್ದು ಮ್ಯಾಕ್‌ಬೆತ್ತನ ಕೈ, ಕೆಣಕಿದ್ದು ಹೆಂಡತಿಯ ಮಾತು, ಒಳಗೆ ಉರಿದದ್ದು ಅವನದೇ ಆಸೆ. ಆಸೆ ನನ್ನದು, ಪಾಪ ಗ್ರಹದ್ದು ಎಂಬ ಲೆಕ್ಕವನ್ನು ಆ ನಾಟಕ ಒಪ್ಪುವುದಿಲ್ಲ. ಮರುದಿನದಿಂದ ಮ್ಯಾಕ್‌ಬೆತ್ತನಿಗೆ ನಿದ್ದೆ ಬರುವುದಿಲ್ಲ. ವಿಧಿಯೇ ಮಾಡಿಸಿದ್ದಾದರೆ ನಿದ್ದೆ ಏಕೆ ಹೋಗಬೇಕು?

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆ ನಾಟಕ ಹುಟ್ಟಿದ್ದು ಒಂದನೆಯ ಜೇಮ್ಸ್ ದೊರೆಯ ಕಾಲದಲ್ಲಿ. ಆತ ಮಾಟಮಂತ್ರಗಳನ್ನು ಬಲವಾಗಿ ನಂಬಿದವನು, ೧೫೯೭ರಲ್ಲಿ ಆ ಬಗ್ಗೆ ಸ್ವತಃ ಪುಸ್ತಕ ಬರೆದವನು. ಅಂಥ ದೊರೆಯ ಆಳ್ವಿಕೆಯಲ್ಲಿ ಮಾಟಗಾತಿಯರನ್ನು ರಂಗಕ್ಕೆ ತಂದೂ, ಕೊಲೆಯ ಹೊಣೆಯನ್ನು ಮನುಷ್ಯನ ಮೇಲೆಯೇ ಬಿಟ್ಟ ಕವಿಯ ಎದೆಗಾರಿಕೆಯನ್ನು ನಮ್ಮ ಅತಿಥಿಗಳು ಗಮನಿಸಬೇಕಿತ್ತು.

ಜೂಲಿಯಸ್ ಸೀಸರ್ ನಾಟಕದಲ್ಲಿ ಕಣಿ ಹೇಳುವವನೊಬ್ಬ ಮಾರ್ಚ್ ಹದಿನೈದರ ಬಗ್ಗೆ ಎಚ್ಚರಿಸುತ್ತಾನೆ, ಅದೇ ದಿನ ಸೀಸರ್ ಸಾಯುತ್ತಾನೆ. ನಿಜ. ಆದರೆ ಅದೇ ಬೆಳಿಗ್ಗೆ ಸೀಸರನ ಮನೆಯಲ್ಲಿ ನಡೆದದ್ದನ್ನು ನೋಡಿ. ಗಂಡನ ಪ್ರತಿಮೆಯಿಂದ ರಕ್ತ ಚಿಮ್ಮಿದಂತೆಯೂ, ರೋಮಿನ ಜನ ನಗುನಗುತ್ತ ಅದರಲ್ಲಿ ಕೈ ತೊಳೆದಂತೆಯೂ ಹೆಂಡತಿ ಕನಸು ಕಂಡಿದ್ದಾಳೆ. ಹೊರಗೆ ಹೋಗಬೇಡಿ ಎಂದು ಬೇಡುತ್ತಾಳೆ. ಆಗ ಬರುತ್ತಾನೆ ಡೀಶಿಯಸ್, ಕೊಲೆಗಾರರ ಗುಂಪಿನವನು. ಅಯ್ಯೋ, ಇದು ಒಳ್ಳೆಯ ಕನಸು, ನಿಮ್ಮ ರಕ್ತದಿಂದ ರೋಮ್ ಮರುಜೀವ ಪಡೆಯುತ್ತದೆ ಎಂದು ಇದರ ಅರ್ಥ, ಎನ್ನುತ್ತಾನೆ. ಕನಸು ಒಂದೇ. ಓದುವವನ ಹೊಟ್ಟೆಯಲ್ಲಿ ಏನಿದೆಯೋ ಅದೇ ಫಲ. ಸೀಸರನಿಗೆ ಇಷ್ಟವಾದದ್ದು ಹೊಗಳಿಕೆಯ ಅರ್ಥ, ನಡೆದುಬಿಟ್ಟ. ನಮ್ಮಲ್ಲಿ ವರದಕ್ಷಿಣೆ ಕಡಿಮೆಯಾದಾಗ ಕೂಡದ ಕುಂಡಲಿ, ಎರಡು ತೊಲೆ ಹೆಚ್ಚಾದ ಮೇಲೆ ಶಾಂತಿ ಮಾಡಿಸಿದರೆ ಕೂಡುವ ಕುಂಡಲಿ, ಇವುಗಳನ್ನು ಎಷ್ಟು ಕಂಡಿಲ್ಲ ನಾವು? ಡೀಶಿಯಸ್‌ನ ಸಂತತಿ ರೋಮಿನಲ್ಲಿ ಮುಗಿಯಲಿಲ್ಲ.

ಎದುರು ಪಕ್ಷಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ಕಿಂಗ್ ಲಿಯರ್ ನಾಟಕದಲ್ಲಿ ಗ್ರಹಣಗಳಿಂದಲೇ ಲೋಕ ಕೆಟ್ಟಿತು ಎನ್ನುವ ಮುದುಕ ಗ್ಲಾಸ್ಟರ್ ಇದ್ದಾನೆ. ಅವನನ್ನು ಹಾಸ್ಯಮಾಡುವ ಮಗ ಎಡ್ಮಂಡ್ ಪರಮ ನೀಚ. ನಕ್ಷತ್ರಗಳೇ ನಮ್ಮ ಗುಣ ತಿದ್ದುತ್ತವೆ ಎಂದು ಒಳ್ಳೆಯವನಾದ ಕೆಂಟ್ ಕೂಡ ಒಮ್ಮೆ ಹೇಳುತ್ತಾನೆ. ಹ್ಯಾಮ್ಲೆಟ್ ಕೊನೆಗೆ ದೈವದ ಮೇಲೆ ಭಾರ ಹಾಕುತ್ತಾನೆ. ಇವನ್ನೆಲ್ಲ ಅತಿಥಿಗಳು ಹೇಳಿದ್ದರೆ ನಾನೂ ತಲೆದೂಗುತ್ತಿದ್ದೆ. ಆದರೆ ಮಗಳಂದಿರಿಗೆ ರಾಜ್ಯ ಹಂಚಿ ಬೀದಿಗೆ ಬಿದ್ದ ಲಿಯರ್ ಬಿರುಗಾಳಿ ಮಳೆಯಲ್ಲಿ ನಿಂತಾಗ ಅವನಿಗೆ ಹೊಳೆಯುವುದು ಗ್ರಹಣವಲ್ಲ. ಮೈಮೇಲೆ ಬಟ್ಟೆಯಿಲ್ಲದ, ತಲೆಯ ಮೇಲೆ ಸೂರಿಲ್ಲದ ಬಡವರು ಇಂಥ ಮಳೆಯನ್ನು ಹೇಗೆ ತಾಳುತ್ತಾರೆ, ದೊರೆಯಾಗಿದ್ದಾಗ ನಾನು ಅವರ ಕಡೆ ನೋಡಲೇ ಇಲ್ಲವಲ್ಲ ಎಂಬುದು. ಶರಣರ ದಾಸೋಹದ ಅರಿವು ಇದಕ್ಕಿಂತ ದೂರದ್ದೇ? ಕುಂಬಾರವಾಡದ ಆಷಾಢದ ಮಳೆಯಲ್ಲಿ, ಕಾಡಂಚಿನ ವಾಡೆಗಳ ಹುಲ್ಲಿನ ಮನೆಗಳನ್ನು ಕಂಡವರಿಗೆ ಲಿಯರ್ ದೊರೆಯ ಆ ಮಾತು ಪರದೇಶದ್ದೆನಿಸುವುದಿಲ್ಲ.

ಮಾರ್ಲೋವಿನ ಡಾಕ್ಟರ್ ಫಾಸ್ಟಸ್ ಇನ್ನೂ ಸ್ಪಷ್ಟ. ದೊಡ್ಡ ವಿದ್ವಾಂಸ, ೨೪ ವರ್ಷದ ಸುಖಕ್ಕಾಗಿ ತನ್ನ ಆತ್ಮವನ್ನು ಸೈತಾನನಿಗೆ ಬರೆದುಕೊಡುತ್ತಾನೆ, ತನ್ನದೇ ರಕ್ತದಲ್ಲಿ ಸಹಿ ಹಾಕಿ. ಬೇಡ, ತಿರುಗಿ ಬಾ, ಎಂದು ನಡುವೆ ಹೇಳುವವರೂ ಇದ್ದಾರೆ. ಅವಧಿ ಮುಗಿದ ಕೊನೆಯ ಗಂಟೆಯಲ್ಲಿ ಆತ ದೂರುವುದು ಯಾರನ್ನು? ತಾನು ಹುಟ್ಟಿದ ಹೊತ್ತಿನ ನಕ್ಷತ್ರಗಳನ್ನು! ಸಹಿ ನನ್ನದು, ತಪ್ಪು ನಕ್ಷತ್ರದ್ದು.

ರೋಮಿಯೋ ಜೂಲಿಯೆಟ್‌ಗೆ ಬರೋಣ. ಮುನ್ನುಡಿಯಲ್ಲೇ ಆ ಪ್ರೇಮಿಗಳಿಗೆ ನಕ್ಷತ್ರ ಕೂಡಿಬರಲಿಲ್ಲವೆಂಬ ಮಾತಿದೆ. ಇದನ್ನು ನಾನು ಬಚ್ಚಿಡುವುದಿಲ್ಲ. ಮುನ್ನುಡಿ ಮುಗಿದ ಮೇಲೆ ಐದು ಅಂಕಗಳಿವೆ, ಅವನ್ನೂ ಓದಬೇಕು. ಆ ಮಕ್ಕಳನ್ನು ಕೊಂದದ್ದು ಎರಡು ಮನೆತನಗಳ ಹಳೆಯ ಹಗೆ, ಮಗಳ ಮನಸ್ಸನ್ನು ಕೇಳದೆ ಬೇರೆ ಗಂಡು ಗೊತ್ತುಮಾಡಿದ ಅಪ್ಪ, ಕಂಡೂ ಕಾಣದಂತಿದ್ದ ದೊರೆ. ಪತ್ರ ಒಯ್ಯುತ್ತಿದ್ದ ಸನ್ಯಾಸಿಯನ್ನು ಪ್ಲೇಗಿನ ಶಂಕೆಯಿಂದ ಒಂದು ಮನೆಯಲ್ಲಿ ಕೂಡಿಹಾಕಿದ್ದರಿಂದ ಸುದ್ದಿ ತಲುಪಲಿಲ್ಲ. ಹೆಣಗಳ ಮುಂದೆ ನಿಂತ ಆ ದೊರೆ ಕೊನೆಗೆ, ನಿಮ್ಮ ಹಗೆಯನ್ನು ನೋಡಿಯೂ ಸುಮ್ಮನಿದ್ದ ನನಗೂ ಶಿಕ್ಷೆಯಾಯಿತು ಎಂದು ಒಪ್ಪಿಕೊಳ್ಳುತ್ತಾನೆ. ಆತ ನಕ್ಷತ್ರವನ್ನು ಕಟಕಟೆಗೆ ತರಲಿಲ್ಲ.

ನಮ್ಮ ಕಲ್ಯಾಣದಲ್ಲಿ ಆ ದೊರೆಯಷ್ಟು ಬುದ್ಧಿ ಬಿಜ್ಜಳನಿಗೂ ಬರಲಿಲ್ಲ. ಸಮಗಾರ ಹರಳಯ್ಯನವರ ಮಗ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳು, ಇಬ್ಬರೂ ಲಿಂಗವಂತರ ಮಕ್ಕಳು. ಮದುವೆಗೆ ಶರಣರು ಲಗ್ನ ನೋಡಲಿಲ್ಲ, ಕುಲ ಕೇಳಲಿಲ್ಲ. ಪಟ್ಟಭದ್ರರು ದೊರೆಯ ಕಿವಿ ಕಚ್ಚಿದರು. ಇಬ್ಬರು ತಂದೆಯಂದಿರಿಗೆ ಎಳೆಹೂಟೆ ಶಿಕ್ಷೆಯಾಯಿತು. ಕಲ್ಯಾಣ ಒಡೆಯಿತು. ಈಗ ಯಾರಾದರೂ ಎದ್ದು, ಆ ಮದುವೆಗೆ ಮುಹೂರ್ತ ಸರಿಯಿರಲಿಲ್ಲ, ಅದಕ್ಕೇ ಹೀಗಾಯಿತು ಎಂದರೆ ನಾವು ಸುಮ್ಮನೆ ಕೇಳುತ್ತೇವೆಯೇ? ಕೇಳುವುದಿಲ್ಲ. ಹರಳಯ್ಯ, ಮಧುವರಸರನ್ನು ಕೊಂದದ್ದು ಜಾತಿ ಮತ್ತು ಅಧಿಕಾರ ಎಂದು ನಮಗೆ ಗೊತ್ತಿದೆ. ಆದರೆ ಅದೇ ನಾವು ನಮ್ಮ ಮನೆಯ ಹುಡುಗಿಯ ಮದುವೆ ಮುರಿದಾಗ ಮಾತ್ರ ಹಣೆಬರಹ ಎನ್ನುತ್ತೇವೆ.

ವಿಧಿ ಎಂಬ ಪದವನ್ನು ಸ್ವಲ್ಪ ಕೆರೆದು ನೋಡಿದರೆ ಕೆಳಗೆ ಜಾತಿಯ ಬಣ್ಣ ಕಾಣುತ್ತದೆ. ಕನ್ನಡಿಗರೇ ಆದ ಟಿ. ಪಿ. ಕೈಲಾಸಂ ಕರ್ಣನನ್ನು ಕುರಿತು ಐದು ಅಂಕಗಳ ಒಂದು ನಾಟಕವನ್ನು ಇಂಗ್ಲಿಷಿನಲ್ಲೇ ಬರೆದರು. ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಛಾಯೆಯಲ್ಲಿ ಬರೆದದ್ದೆಂದು ಹೆಸರಿನ ಕೆಳಗೇ ಹೇಳಿಕೊಂಡಿದ್ದಾರೆ. ಗ್ರೀಕರ ಈಡಿಪಸ್ ಹುಟ್ಟುವ ಮೊದಲೇ ಅವನ ಪಾಪ ಗೊತ್ತಾಗಿತ್ತು. ಕೈಲಾಸಂ ಅವರ ಕರ್ಣನನ್ನು ಸಾಯುವವರೆಗೆ ಬೆನ್ನಟ್ಟುವುದು ಗುರುವಿನ ಶಾಪ. ಆ ಶಾಪ ಬಂದದ್ದೇಕೆ? ವಿದ್ಯೆ ಕಲಿಯುವ ಆಸೆಗೆ ತನ್ನ ಹುಟ್ಟನ್ನು ಮರೆಮಾಡಿದ ಎಂಬುದಕ್ಕೆ. ಅಂದರೆ ಕರ್ಣನ ವಿಧಿ ಆಕಾಶದಿಂದ ಇಳಿದದ್ದಲ್ಲ, ಗುರುಕುಲದ ಬಾಗಿಲಲ್ಲಿ ಕೇಳಿದ ಕುಲದ ಪ್ರಶ್ನೆಯಿಂದ ಹುಟ್ಟಿದ್ದು. ಇವ ಯಾರವನೆಂದು ಕೇಳಬೇಡಿ, ನಮ್ಮವನೆನ್ನಿ ಎಂಬುದನ್ನು ಕಲಿಸಿದ ಅನುಭವ ಮಂಟಪಕ್ಕೆ ಆ ಕರ್ಣ ಬಂದಿದ್ದರೆ ಯಾವ ಶಾಪ ಅವನನ್ನು ತಟ್ಟುತ್ತಿತ್ತು? ಅಲ್ಲಿ ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಹುಟ್ಟನ್ನು ಮರೆಮಾಡದೆ, ಹೆಸರಿನ ಮುಂದೆಯೇ ಇಟ್ಟುಕೊಂಡು ಕೂತಿದ್ದರು. ಕುಂಬಾರ ಗುಂಡಯ್ಯನವರು ಮಡಕೆ ತಟ್ಟಿದರೆ ಶಿವನೇ ಕುಣಿದನೆಂದು ಹರಿಹರ ಹಾಡಿದ. ನಮ್ಮ ಊರ ಹೆಸರಿನಲ್ಲೂ ಕುಂಬಾರನಿದ್ದಾನೆ, ಅದಕ್ಕೇ ಗುಂಡಯ್ಯನವರ ನೆನಪು ನನಗೆ ಹೆಚ್ಚು. ಬಾಗೇವಾಡಿಯಲ್ಲಿ ಜನಿವಾರ ಒಲ್ಲೆನೆಂದು ಹೊರಟ ಹುಡುಗನೂ ಮಾಡಿದ್ದು ಇದನ್ನೇ, ಹುಟ್ಟು ಬರೆದ ಬರಹವನ್ನು ಅಳಿಸಿ ಹೊರನಡೆದ.

ಇನ್ನೊಂದು ಬಗೆಯ ಹಣೆಬರಹವನ್ನು ನಮ್ಮ ಜೋಯಿಡಾ ತಾಲೂಕಿನವರು ಚೆನ್ನಾಗಿ ಬಲ್ಲರು. ಇಲ್ಲಿ ಮೊದಲು ತಾಲೂಕಿಗೆ ಹೆಸರು ಕೊಟ್ಟ ಸೂಪಾ ಎಂಬ ಊರಿತ್ತು. ಕಾಳಿ ನದಿಗೆ ಆಣೆಕಟ್ಟು ಬಂತು, ೧೯೮೦ರ ದಶಕದಲ್ಲಿ ಊರು ನೀರಿನೊಳಗೆ ಹೋಯಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು, ಜನ ರಾಮನಗರಕ್ಕೂ ಇನ್ನೆಲ್ಲೆಲ್ಲಿಗೋ ಹೋದರು. ಹಳಬರನ್ನು ಈಗ ಕೇಳಿದರೆ, "ಏನ್ ಮಾಡೋದ್ರಿ, ನಮ್ಮ ಹಣ್ಯಾಗ ಅಷ್ಟ ಬರದಿತ್ತು" ಎನ್ನುತ್ತಾರೆ. ಬರೆದದ್ದು ಹಣೆಯಲ್ಲಲ್ಲ, ನಕ್ಷೆಯಲ್ಲಿ. ಬರೆದವರು ಇಂಜಿನಿಯರರು, ಸಹಿ ಹಾಕಿದವರು ಅಧಿಕಾರಿಗಳು. ನಾಡಿಗೆ ವಿದ್ಯುತ್ ಬೇಕಿತ್ತು, ಆಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಹಣೆಬರಹ ಎಂದೊಡನೆ ಪರಿಹಾರ ಕೇಳುವ ಬಾಯಿ ಮುಚ್ಚುತ್ತದೆ, ಅದು ನನ್ನ ತಕರಾರು. ವಿಧಿಯನ್ನು ನಂಬಿದ ಪ್ರಜೆ ಯಾವ ಕಚೇರಿಗೂ ಬಲು ಅನುಕೂಲ.

ಈಗ ನಮ್ಮ ಮನೆಯ ಮಾತು. ನನ್ನ ತಂಗಿಯ ಮಗಳಿಗೆ ಈ ವರ್ಷ ಒಂದು ಸಂಬಂಧ ಬಂದಿತ್ತು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು. ಆ ಮನೆಯವರೂ ನಮ್ಮವರೇ, ದಿನಾ ಲಿಂಗಪೂಜೆ ತಪ್ಪಿಸದವರು. ಜಾತಕ ಕೇಳಿದರು, ತಂಗಿ ಕೊಟ್ಟಳು. ಮೂಲಾ ನಕ್ಷತ್ರ, ಮಾವನಿಗೆ ಆಗುವುದಿಲ್ಲ ಎಂದು ವಾಪಸು ಬಂತು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಸಾಯುತ್ತಾನೆ ಎಂದು ಹೇಳಿದ ಶರಣರು ಯಾರು? ಲಿಂಗ ಕಟ್ಟಿದ ಮೈಗೆ ಸೂತಕವೇ ಇಲ್ಲ, ಜನನದ್ದೂ ಇಲ್ಲ, ಮರಣದ್ದೂ ಇಲ್ಲ, ಎಂದ ಧರ್ಮದಲ್ಲಿ ನಕ್ಷತ್ರದ ಸೂತಕ ಯಾವ ಬಾಗಿಲಿಂದ ಒಳಗೆ ಬಂತು? ಶರಣರು ಕೂಡಿ ಒಪ್ಪಿದ ಗಳಿಗೆಯೇ ಒಳ್ಳೆಯ ಗಳಿಗೆ ಎಂಬ ಅರ್ಥದ ವಚನವನ್ನು ಆ ಮನೆಯ ಯಜಮಾನರು ನನಗಿಂತ ಇಂಪಾಗಿ ಹಾಡುತ್ತಾರೆ.

ಅವರನ್ನಷ್ಟೇ ಬೈದು ನಾನು ಜಾರಿಕೊಂಡರೆ ಫಾಸ್ಟಸ್‌ಗೂ ನನಗೂ ವ್ಯತ್ಯಾಸವಿಲ್ಲ. ಆ ಜಾತಕ ಬರೆಸಿದವನು ನಾನೇ. ಆ ಕೂಸು ಹುಟ್ಟಿದ ರಾತ್ರಿ ಆಸ್ಪತ್ರೆಯ ಹೊರಗೆ ಕೂತಿದ್ದೆ. ಗೋಡೆಯ ಗಡಿಯಾರ ನಿಂತಿತ್ತು, ನನ್ನ ಕೈಯಲ್ಲಿ ವಾಚು ಇರಲಿಲ್ಲ. ಅಳು ಕೇಳಿಸಿದಾಗ ಎಷ್ಟು ಹೊತ್ತಾಗಿತ್ತು ಎಂದು ಮರುದಿನ ಒಂದು ಅಂದಾಜು ಹೇಳಿದೆ. ತಂಗಿ ಹಟ ಹಿಡಿದಳೆಂದು ಹುಬ್ಬಳ್ಳಿಯಲ್ಲಿ ಒಬ್ಬರ ಬಳಿ ಕುಂಡಲಿ ಹಾಕಿಸಿದೆ, ದಕ್ಷಿಣೆಯನ್ನೂ ಕೊಟ್ಟೆ. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಪೂರ್ವಾಷಾಢ ಆಗುತ್ತಿತ್ತು ಎಂದು ಆತನೇ ಹೇಳಿದ್ದು ನೆನಪಿದೆ. ಆಗ ನಗು ಬಂದಿತ್ತು. ಈಗ ಆ ಹುಡುಗಿಯ ಗ್ರಹಚಾರವೆಂದು ಹತ್ತು ಮನೆ ತಿರುಗುತ್ತಿರುವುದು ಶನಿಯೂ ಅಲ್ಲ, ಕೇತುವೂ ಅಲ್ಲ, ಓದಿದ ಸೋದರಮಾವನೊಬ್ಬನ ಅಂದಾಜು. ಮಾಟಗಾತಿಯರ ಮಾತನ್ನು ವಿವರಿಸಿ ಮಕ್ಕಳಿಗೆ ಅಂಕ ಕೊಡುತ್ತಿದ್ದ ಅದೇ ವರ್ಷಗಳಲ್ಲಿ ನಾನು ಮಾಡಿದ ಕೆಲಸವಿದು.

ನಮ್ಮ ಮಠಗಳಿಗೂ ಒಂದು ಬಿನ್ನಹವಿದೆ, ಪೂಜ್ಯರು ಕ್ಷಮಿಸಬೇಕು. ಪ್ರತಿ ವರ್ಷ ನಮ್ಮ ಮನೆಗಳಿಗೆ ಮಠಗಳ ದಿನದರ್ಶಿಕೆ ಬರುತ್ತದೆ. ಮೇಲೆ ಬಸವಣ್ಣನವರ ಚಿತ್ರ, ಪಕ್ಕದಲ್ಲಿ ಪೂಜ್ಯರ ಚಿತ್ರ, ಕೆಳಗೆ ಸಾಲಾಗಿ ರಾಹುಕಾಲ, ಗುಳಿಕಕಾಲ, ಯಮಗಂಡಕಾಲ. ದಿನಕ್ಕೆ ಒಂದೂವರೆ ಗಂಟೆಯಂತೆ ರಾಹುವಿಗೆ ಬಿಟ್ಟರೆ ವರ್ಷಕ್ಕೆ ಹತ್ತಿರ ಹತ್ತಿರ ೨೩ ದಿನ ಆತನ ಪಾಲು. ಕಾಯಕವೇ ಕೈಲಾಸವೆಂದು ಸಾರಿದವರ ಚಿತ್ರದ ಕೆಳಗೆ ೨೩ ದಿನ ಕಾಯಕ ಬೇಡ ಎಂದು ಅಚ್ಚು ಹಾಕಿದ ಹಾಗಾಯಿತಲ್ಲ! (ಕುಂಬಾರವಾಡದಲ್ಲಿ ರಾಹುಕಾಲ ಎಂದರೆ ಬೆಳಗಿನ ಬಸ್ಸು ತಪ್ಪಿದ ಮೇಲಿನ ಹೊತ್ತು. ಅದನ್ನು ಯಾವ ಪಂಚಾಂಗವೂ ಬರೆಯುವುದಿಲ್ಲ.) ಭಕ್ತರು ಕೇಳುತ್ತಾರೆ, ಇಲ್ಲದಿದ್ದರೆ ಕೊಳ್ಳುವುದಿಲ್ಲ ಎಂಬ ಉತ್ತರ ನನಗೆ ಗೊತ್ತು. ಭಕ್ತರು ಕೇಳಿದ್ದನ್ನೆಲ್ಲ ಕೊಡುವುದಾಗಿದ್ದರೆ ಶರಣರು ಕಲ್ಯಾಣದಲ್ಲಿ ಅಷ್ಟು ಕಷ್ಟಪಡಬೇಕಿರಲಿಲ್ಲ. ಬರುವ ವರ್ಷದ ಹಾಳೆ ಅಚ್ಚಿನ ಮನೆಗೆ ಹೋಗುವ ಮುನ್ನ ಆ ಮೂರು ಸಾಲುಗಳನ್ನು ತೆಗೆಸಿ, ಆ ಜಾಗದಲ್ಲಿ ಒಂದೊಂದು ದಿನಕ್ಕೆ ಒಬ್ಬೊಬ್ಬ ಶರಣ ಶರಣೆಯರ ಹೆಸರು ಮತ್ತು ಅವರ ಕಾಯಕ ಹಾಕಿಸಿ. ಸಾಮೂಹಿಕ ವಿವಾಹಗಳನ್ನು ಮಾಡಿಸುವ ಮಠಗಳು ವರ್ಷಕ್ಕೊಂದನ್ನಾದರೂ ಅಮಾವಾಸ್ಯೆಯಂದು ಇಟ್ಟುಕೊಳ್ಳಲಿ. ಅಂದು ಕಲ್ಯಾಣಮಂಟಪಗಳೂ ಖಾಲಿ, ಅಡಿಗೆಯವರೂ ಸಿಗುತ್ತಾರೆ.

ಹುಡುಗಿಯ ಜಾತಕ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಆ ಸಂಬಂಧ ಮುರಿದ ದಿನವೇ ತಂಗಿಯ ಮನೆಯಿಂದ ಎತ್ತಿಕೊಂಡು ಬಂದೆ. ಇನ್ನೊಂದು ಕಡೆಯವರು ಕೇಳಿದ್ದಾರೆ, ಕಳಿಸಿಕೊಡು ಎಂದು ತಂಗಿ ಎರಡು ಸಲ ಫೋನ್ ಮಾಡಿದ್ದಾಳೆ. ಹುಡುಗಿ ಮೂರನೆಯ ಸಲ ತಾನೇ ಮಾಡಿ, "ಮಾಮಾ, ಕೊಡಬ್ಯಾಡ್ರಿ" ಎಂದಳು. ಕೊಟ್ಟಿಲ್ಲ.